ಯಾಣದ ಹನಿ, ಅಘನಾಶಿನಿಯ ಅಳಿವೆ



ನಮ್ಮ ಮನೆ ಇರುವುದು ಹಲಸೂರಿನಲ್ಲಿ, ಕೆರೆಗೆ ಬಹು ದೂರವಿಲ್ಲದ ಒಂದು ಬೀದಿಯಲ್ಲಿ. ಇಂದಿರಾನಗರದಲ್ಲಿರುವ ನನ್ನ ತಂಗಿಯ ಮಗಳು ಒಂದು ಭಾನುವಾರ ಸಂಜೆ ಬಂದಳು. ಮಲೇಷ್ಯ ದೇಶಕ್ಕೆ ಪ್ರವಾಸ ಹೋಗಿ ಬಂದ ಉತ್ಸಾಹ ಅವಳ ಮುಖದಲ್ಲಿತ್ತು. ಲಂಕಾವಿ ದ್ವೀಪದಲ್ಲಿ ಕಿಲಿಮ್ ಎಂಬುದೊಂದು ನಿಸರ್ಗೋದ್ಯಾನ ಉಂಟಂತೆ. ಸಮುದ್ರದ ನೀರಿನಲ್ಲಿಯೇ ಬೇರೂರಿ ನಿಂತ ಕಾಡು, ಅದರ ಬೆನ್ನಿಗೆ ಸುಣ್ಣಕಲ್ಲಿನ ಬೆಟ್ಟ, ಬೆಟ್ಟದ ಹೊಟ್ಟೆಯೊಳಗೆ ಗವಿ. ಚಿತ್ರಗಳನ್ನು ಒಂದೊಂದಾಗಿ ತೋರಿಸಿ, "ಮಾಮ, ನಮ್ಮ ದೇಶದಲ್ಲಿ ಇಂಥದು ಎಲ್ಲಿಯಾದರೂ ಇದೆಯೆ?" ಎಂದು ಕೇಳಿದಳು.

ನಾನು, "ದೇಶವೆಲ್ಲ ಹುಡುಕಬೇಕಾಗಿಲ್ಲವಮ್ಮ. ಒಂದು ರಾತ್ರಿ ರೈಲಿನಲ್ಲಿ ಮಲಗಿ ಎದ್ದರೆ ಸಾಕು" ಎಂದೆ. ಅವಳು ನಂಬಲಿಲ್ಲ. ನಂಬದವರನ್ನು ಮಾತಿನಿಂದ ನಂಬಿಸುವುದು ಕಷ್ಟ. ಆದ್ದರಿಂದ ಮಳೆಗಾಲ ಮುಗಿದ ಮೇಲೆ, ನವೆಂಬರಿನಲ್ಲಿ, ಅವಳನ್ನೂ ನಮ್ಮ ಮನೆಯವರನ್ನೂ ಕರೆದುಕೊಂಡು ಹೊರಟೇಬಿಟ್ಟೆ. ಆ ಪ್ರವಾಸದ ಕಥೆಯನ್ನೇ ಈ ಹೊತ್ತು ತಮಗೆ ಹೇಳಬೇಕೆಂದಿದ್ದೇನೆ. ಕೊನೆಯಲ್ಲಿ ನಮ್ಮ ಊರಿಗೇ ಸಂಬಂಧಪಟ್ಟ ಒಂದು ಮಾತೂ ಇದೆ. ಅಲ್ಲಿಯ ತನಕ ದಯವಿಟ್ಟು ರೇಡಿಯೋ ಆರಿಸಬೇಡಿ.

ಕಂಟೋನ್ಮೆಂಟು, ಹಲಸೂರು, ಕೃಷ್ಣರಾಜಪುರದ ಕಡೆಯವರಿಗೆ ಈಗ ಒಂದು ಅನುಕೂಲವಾಗಿದೆ. ಬೈಯಪ್ಪನಹಳ್ಳಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನ ದೊಡ್ಡ ರೈಲು ನಿಲ್ದಾಣ ೨೦೨೨ರಲ್ಲಿ ತೆರೆಯಿತು. ನಾವು ಅಲ್ಲಿಂದಲೇ ಮುರ್ಡೇಶ್ವರದ ರೈಲು ಹತ್ತಿದೆವು. ಸಕಲೇಶಪುರದ ಘಟ್ಟ ಇಳಿದು, ಮಂಗಳೂರನ್ನು ದಾಟಿ, ಕರಾವಳಿಯ ಗುಂಟ ಬಡಗು ದಿಕ್ಕಿಗೆ ಹೋಗುವ ದಾರಿ. ಮುರ್ಡೇಶ್ವರದಲ್ಲಿ ಇಳಿದು ಬಸ್ಸಿನಲ್ಲಿ ಹೊನ್ನಾವರ, ಅಲ್ಲಿ ಶರಾವತಿಯ ಸೇತುವೆ ದಾಟಿ ಕುಮಟಾ ಸೇರಿದೆವು. ಬೆಂಗಳೂರಿನಿಂದ ಕುಮಟೆಗೆ ರಸ್ತೆಯಲ್ಲಿ ಸುಮಾರು ೪೫೦ ಕಿಲೋಮೀಟರು.

ಮಾರನೆಯ ಬೆಳಗ್ಗೆ ಯಾಣ. ಯಾಣದ ಹೆಸರನ್ನು ತಮ್ಮಲ್ಲಿ ಬಹಳ ಮಂದಿ ಕೇಳಿರುತ್ತೀರಿ. ತೊಂಬತ್ತರ ದಶಕದಲ್ಲಿ ಬಂದ 'ನಮ್ಮೂರ ಮಂದಾರ ಹೂವೆ' ಎಂಬ ಚಲನಚಿತ್ರದಲ್ಲಿ ನೋಡಿಯೂ ಇರಬಹುದು. ಅದಕ್ಕೆ ಮುಂಚೆ ಅಲ್ಲಿಗೆ ಹೋಗುವುದು ಸುಲಭದ ಮಾತಾಗಿರಲಿಲ್ಲ. "ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ" ಎಂದು ಆ ಕಡೆ ಒಂದು ಗಾದೆ. ಕೈಯಲ್ಲಿ ಹಣವಿದ್ದವನು ಗೋಕರ್ಣಕ್ಕೆ ಹೋಗಿ ದಾನಧರ್ಮ ಮಾಡಿ ಬಂದಾನು; ಯಾಣಕ್ಕೆ ಹೋಗಬೇಕಾದರೆ ಮೈಯಲ್ಲಿ ಸೊಕ್ಕಿರಬೇಕು. ದಟ್ಟ ಕಾಡು, ಜಿಗಣೆ, ಕಾಲುದಾರಿ. ಹೋದವನು ತಿರುಗಿ ಬಂದನೆಂದರೆ ಮನೆಯವರು ನಿಟ್ಟುಸಿರು ಬಿಡುವಂಥ ಪ್ರಯಾಣ ಅದಾಗಿತ್ತು. ಈಗ ರಸ್ತೆ ಇದೆ. ವಾಹನ ನಿಲ್ಲುವ ಕಡೆಯಿಂದ ಕಾಡಿನೊಳಗೆ ಸ್ವಲ್ಪ ದೂರ ನಡೆದು ಕೊನೆಗೆ ಮೆಟ್ಟಿಲು ಹತ್ತಿದರಾಯಿತು. ಸೊಕ್ಕಿಲ್ಲದ ನನ್ನಂಥವನೂ ಹೋಗಿ ಬರಬಹುದು.

ಮರಗಳ ನಡುವೆ ನಡೆಯುತ್ತಿದ್ದಂತೆ ಇದ್ದಕ್ಕಿದ್ದಂತೆ ಎದುರಿಗೆ ಕಪ್ಪು ಗೋಡೆಯೊಂದು ಎದ್ದು ನಿಲ್ಲುತ್ತದೆ. ಅದೇ ಭೈರವೇಶ್ವರ ಶಿಖರ. ಎತ್ತರ ೧೨೦ ಮೀಟರು. ನಮ್ಮ ಮಹಾತ್ಮಾ ಗಾಂಧಿ ರಸ್ತೆಯ ಯುಟಿಲಿಟಿ ಕಟ್ಟಡವನ್ನು ತಲೆಯೆತ್ತಿ ನೋಡಿದ್ದೀರಲ್ಲವೆ? ಅದಕ್ಕಿಂತಲೂ ಎತ್ತರವಾದ ಒಂದೇ ಬಂಡೆಯನ್ನು ಕಲ್ಪಿಸಿಕೊಳ್ಳಿ. ಅದರ ನೆತ್ತಿಯಾದರೋ ಚಪ್ಪಟೆಯಲ್ಲ, ಒಡೆದ ಕನ್ನಡಿಯ ಅಂಚಿನಂತೆ ಮೊನೆಮೊನೆಯಾಗಿದೆ. ಸ್ವಲ್ಪ ದೂರದಲ್ಲಿ ೯೦ ಮೀಟರಿನ ಮೋಹಿನೀ ಶಿಖರ. ಸುತ್ತಮುತ್ತಲ ಕಾಡಿನಲ್ಲಿ ಇಂಥವೇ ಸಣ್ಣ ಬಂಡೆಗಳು ಇನ್ನೂ ಎಷ್ಟೋ ಇವೆ. ಬಂಡೆಯ ಮೈಗೆ ದೊಡ್ಡ ದೊಡ್ಡ ಹೆಜ್ಜೇನಿನ ಹುಟ್ಟುಗಳು ಅಂಟಿಕೊಂಡಿವೆ. ಅಲ್ಲಿ ಗದ್ದಲ ಮಾಡುವವರು ದೇವರಿಗಿಂತ ಮೊದಲು ಜೇನುಹುಳುವಿಗೆ ಹೆದರುವುದು ಲೇಸು.

ಭೈರವೇಶ್ವರ ಶಿಖರದ ಬುಡದಲ್ಲಿ ಗವಿ. ಅದರೊಳಗೆ ಉದ್ಭವಲಿಂಗ. ಬಂಡೆಯ ಸಂದಿನಿಂದ ನೀರು ಹನಿಹನಿಯಾಗಿ ಲಿಂಗದ ಮೇಲೆ ತೊಟ್ಟಿಕ್ಕುತ್ತಿರುತ್ತದೆ. ಶಿವರಾತ್ರಿಯಲ್ಲಿ ಜಾತ್ರೆ, ಯಾತ್ರಿಕರು ಇಲ್ಲಿ ಪೂಜೆ ಮುಗಿಸಿ ಗೋಕರ್ಣಕ್ಕೆ ಹೋಗುವುದು ವಾಡಿಕೆ. ದೇವರ ದರ್ಶನವಾದ ಮೇಲೆ ಬರಿಗಾಲಿನಲ್ಲಿ ಬಂಡೆಯ ಒಳಗೇ ಹೋಗಬಹುದು. ಬಂಡೆ ಮೇಲಿನಿಂದ ಕೆಳಗಿನವರೆಗೆ ಸೀಳಿದೆ. ಆ ಸೀಳಿನಲ್ಲಿ ನಿಂತು ಮೇಲೆ ನೋಡಿದರೆ ಎರಡು ಕಪ್ಪು ಗೋಡೆಗಳ ನಡುವೆ ಒಂದು ಪಟ್ಟಿಯಷ್ಟು ಆಕಾಶ. ಒಳಗೆ ತಣ್ಣನೆಯ ಗಾಳಿ, ಬಾವಲಿಗಳ ವಾಸನೆ, ಎಲ್ಲೋ ನೀರು ಬೀಳುವ ಸದ್ದು. ನಮ್ಮ ಹುಡುಗಿ ಅಲ್ಲಿ ಸುಮ್ಮನೆ ನಿಂತುಬಿಟ್ಟಳು. ಲಂಕಾವಿಯ ಮಾತು ಆ ಹೊತ್ತಿಗೆ ಅವಳ ಬಾಯಲ್ಲಿ ನಿಂತಿತ್ತು.

ಪುರಾಣವನ್ನು ತಾವು ಬಲ್ಲಿರಿ. ಯಾರ ತಲೆಯ ಮೇಲೆ ಕೈಯಿಟ್ಟರೂ ಅವರು ಬೂದಿಯಾಗಲೆಂದು ವರ ಪಡೆದ ಭಸ್ಮಾಸುರನು, ವರ ಕೊಟ್ಟ ಶಿವನ ತಲೆಯ ಮೇಲೆಯೇ ಕೈಯಿಡಲು ಬೆನ್ನಟ್ಟಿದ. ವಿಷ್ಣು ಮೋಹಿನಿಯಾಗಿ ಬಂದು ಕುಣಿದು, ಅವನ ಕೈಯನ್ನು ಅವನ ತಲೆಯ ಮೇಲೆಯೇ ಇಡಿಸಿದ. ಅಸುರ ಸುಟ್ಟು ಬೂದಿಯಾದ ಸ್ಥಳ ಇದು, ಅದರಿಂದಲೇ ಇಲ್ಲಿಯ ಕಲ್ಲು ಮಣ್ಣು ಕಪ್ಪು ಎಂದು ನಂಬಿಕೆ.

ಕಲ್ಲನ್ನು ಓದಬಲ್ಲವರು ಬೇರೊಂದು ಕಥೆ ಹೇಳುತ್ತಾರೆ, ಅದೂ ಕೇಳುವಂಥದೇ. ಬೆಂಗಳೂರಿನವರಾದ ನಮಗೆ ಬಂಡೆಯೆಂದರೆ ಲಾಲ್‌ಬಾಗಿನ ಗುಡ್ಡ ನೆನಪಾಗುತ್ತದೆ. ಅದು ನೈಸ್ ಎಂಬ ಜಾತಿಯ ಗಟ್ಟಿ ಶಿಲೆ, ವಯಸ್ಸು ಸುಮಾರು ೩೦೦ ಕೋಟಿ ವರ್ಷ. ಮಳೆ ಅದರ ಮೇಲೆ ಬಿದ್ದು ಜಾರಿ ಹೋಗುತ್ತದೆ. ಬಂಡೆ ಬೋಳಾಗಿ ನುಣುಪಾಗಿ ಉಳಿಯುತ್ತದೆ. ಯಾಣದ್ದು ಸುಣ್ಣಕಲ್ಲು. ಅದರ ಮೇಲೆ ಬಿದ್ದ ಮಳೆ ಸುಮ್ಮನೆ ಜಾರುವುದಿಲ್ಲ, ಕಲ್ಲನ್ನು ತಿನ್ನುತ್ತದೆ.

ಹೇಗೆಂಬುದನ್ನು ತಮ್ಮ ಅಡಿಗೆಮನೆಯಲ್ಲಿಯೇ ನೋಡಬಹುದು. ಒಂದು ಮೊಟ್ಟೆಯ ಓಡಿನ ಚೂರನ್ನೋ ಕಪ್ಪೆಚಿಪ್ಪಿನ ಪುಡಿಯನ್ನೋ ಬಟ್ಟಲಿನಲ್ಲಿಟ್ಟು ಅದರ ಮೇಲೆ ನಿಂಬೆಹಣ್ಣಿನ ರಸ ಹಿಂಡಿ. ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. ಓಡು ಸುಣ್ಣದ್ದು, ಹುಳಿ ಅದನ್ನು ಕರಗಿಸುತ್ತದೆ. ಮಳೆಯ ನೀರಿನಲ್ಲಿಯೂ ಕೊಂಚ ಹುಳಿಯುಂಟು. ಗಾಳಿಯಲ್ಲಿರುವ ಇಂಗಾಲಾಮ್ಲವನ್ನು ಹೀರಿಕೊಂಡು ಮಳೆ ಬೀಳುತ್ತದೆ. ಕಾಡಿನ ನೆಲದಲ್ಲಿ ಎಲೆ ಕೊಳೆತ ಗೊಬ್ಬರದೊಳಗೆ ಇಳಿಯುವಾಗ ಇನ್ನಷ್ಟು ಹೀರುತ್ತದೆ. ನಾಲಗೆಗೆ ತಿಳಿಯದಷ್ಟು ಸಣ್ಣ ಹುಳಿ. ಆದರೆ ಆ ಮಳೆಗೆ ಆತುರವಿಲ್ಲ. ಲಕ್ಷಾಂತರ ಮಳೆಗಾಲ ಕೂಡಿ ಬಂಡೆಯ ನೆತ್ತಿಯನ್ನು ಮೊನೆಮೊನೆಯಾಗಿ ಕೊರೆದು, ಬಿರುಕನ್ನು ಸೀಳಾಗಿಸಿ, ಸೀಳನ್ನು ಗವಿಯಾಗಿಸಿದೆ. ಕರಗಿದ ಸುಣ್ಣ ನೀರಿನೊಂದಿಗೆ ಹರಿದು ಹೋಗುತ್ತದೆ. ಕೆಲವು ಗವಿಗಳಲ್ಲಿ ಅದೇ ಹನಿ ಒಣಗುವಾಗ ಸುಣ್ಣವನ್ನು ಮತ್ತೆ ಕಲ್ಲಾಗಿ ಇಳಿಸಿ ಹೋಗುವುದೂ ಉಂಟು. ಇದೇ ಜಿಲ್ಲೆಯ ದಾಂಡೇಲಿಯ ಕಾಡಿನಲ್ಲಿರುವ ಕವಳಾ ಗವಿಯ ಲಿಂಗ ಹಾಗೆ ಹನಿಯಿಂದ ಬೆಳೆದ ಕಲ್ಲು.

ಈಗ ನನ್ನ ಮುಖ್ಯವಾದ ಮಾತಿಗೆ ಬರುತ್ತೇನೆ. ಯಾಣದ ಗವಿಯ ಬಳಿಯಿಂದ ಒಂದು ತೊರೆ ಹೊರಡುತ್ತದೆ. ಅದರ ಹೆಸರು ಚಂಡಿಕಾ ಹೊಳೆ. ಭಕ್ತರಿಗೆ ಅದು ಗಂಗೆ. ಅದು ಕಾಡಿನೊಳಗೆ ಇಳಿದು ಉಪ್ಪಿನಪಟ್ಟಣ ಎಂಬಲ್ಲಿ ಅಘನಾಶಿನಿ ನದಿಯನ್ನು ಸೇರುತ್ತದೆ. ಊರಿನ ಹೆಸರಿನಲ್ಲಿಯೇ ಉಪ್ಪು ಇದೆ ನೋಡಿ. ಅತ್ತ ಘಟ್ಟದಿಂದ ಸಿಹಿನೀರು ಇಳಿದು ಬರುತ್ತದೆ. ಇತ್ತ ಸಮುದ್ರದ ಉಬ್ಬರ ನದಿಯ ದಾರಿಯಲ್ಲಿ ಏರಿ ಬರುತ್ತದೆ. ಎಂದ ಮೇಲೆ ಗವಿಯ ಹನಿಯೂ ಕೆಳಗಿನ ಅಳಿವೆಯ ಕಾಡೂ ಒಂದೇ ನೀರಿನ ಎರಡು ತುದಿ. ಲಂಕಾವಿಯಲ್ಲಿ ಅವೆರಡೂ ಅಕ್ಕಪಕ್ಕದಲ್ಲಿದ್ದರೆ, ನಮ್ಮಲ್ಲಿ ಅವುಗಳ ನಡುವೆ ಒಂದು ಹೊಳೆ ಹರಿಯುತ್ತದೆ. ನಾವು ಆ ಹೊಳೆಯ ಹಿಂದೆಯೇ ಹೋದೆವು.

ಅಘನಾಶಿನಿ ಎಂದರೆ ಪಾಪವನ್ನು ನಾಶಮಾಡುವವಳು. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ೧೧೬ ಮೀಟರು ಧುಮುಕಿ, ಕಣಿವೆ ಇಳಿದು, ತದಡಿ ಮತ್ತು ಅಘನಾಶಿನಿ ಎಂಬ ಎರಡು ಊರುಗಳ ನಡುವೆ ಕಡಲು ಸೇರುತ್ತಾಳೆ. ಅವಳ ಒಂದು ಹೆಚ್ಚುಗಾರಿಕೆಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ: ಹುಟ್ಟಿದ ಕಡೆಯಿಂದ ಕಡಲಿನ ತನಕ ಈ ನದಿಗೆ ಎಲ್ಲಿಯೂ ದೊಡ್ಡ ಅಣೆಕಟ್ಟಿಲ್ಲ. ನಮ್ಮ ಕಾಲದಲ್ಲಿ ಅಪರೂಪದ ಭಾಗ್ಯ ಅದು.

ಎರಡನೆಯ ದಿನ ಮಿರ್ಜಾನಿನ ಹಳೆಯ ಕೋಟೆಯನ್ನು ನೋಡಿಕೊಂಡು, ಒಂದು ದೋಣಿ ಗೊತ್ತುಮಾಡಿ ಅಳಿವೆಗೆ ಇಳಿದೆವು. ದೋಣಿಯವರು ನಮ್ಮ ಗಡಿಯಾರ ನೋಡಲಿಲ್ಲ, ನೀರನ್ನು ನೋಡಿದರು. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಅಲ್ಲಿಯ ಬಾಳೆಲ್ಲ ಆ ಲೆಕ್ಕದ ಮೇಲೆ. ಇಳಿತಕ್ಕೆ ಸರಿಯಾಗಿ ಹೋದದ್ದರಿಂದ ಕಾಂಡ್ಲಾ ಕಾಡಿನ ಬುಡವೆಲ್ಲ ನಮಗೆ ಕಾಣಿಸಿತು.

ಕಾಂಡ್ಲಾ ಗಿಡವನ್ನು ನೋಡದವರಿಗೆ ಅದನ್ನು ಹೇಗೆ ವರ್ಣಿಸಲಿ? ಲಂಗ ಎತ್ತಿ ಕಟ್ಟಿಕೊಂಡು ಕೆಸರಿನಲ್ಲಿ ನಿಂತ ಹೆಂಗಸರ ಗುಂಪಿನಂತೆ ಅದು ನಿಂತಿರುತ್ತದೆ. ಬೇರುಗಳು ಕಾಂಡದ ನಡುವಿನಿಂದಲೇ ಹೊರಟು, ಕಮಾನಿನಂತೆ ಬಾಗಿ ಕೆಸರಿಗೆ ಇಳಿದಿರುತ್ತವೆ. ಇನ್ನೊಂದು ಜಾತಿಯದು ಬೇರನ್ನು ಕೆಸರಿನಿಂದ ಮೇಲಕ್ಕೆ ಚಾಚುತ್ತದೆ. ಗಿಡದ ಸುತ್ತ ನೂರಾರು ಪೆನ್ಸಿಲುಗಳನ್ನು ನೆಟ್ಟ ಹಾಗೆ ತೋರುತ್ತದೆ. ಅಲ್ಲಿಯ ಕೆಸರಿನಲ್ಲಿ ಗಾಳಿ ಆಡುವುದಿಲ್ಲ. ಆದ್ದರಿಂದ ಉಸಿರಾಡುವ ಕೆಲಸವನ್ನು ಬೇರೇ ಮಾಡಬೇಕು. ಆ ಪೆನ್ಸಿಲುಗಳು ಗಿಡದ ಮೂಗುಗಳು ಎನ್ನಿ.

ಉಪ್ಪುನೀರಿನಲ್ಲಿ ಬೇರೆ ಬಹುಪಾಲು ಗಿಡ ಬದುಕುವುದಿಲ್ಲ. ಇವು ಉಪ್ಪನ್ನು ಬೇರಿನಲ್ಲಿಯೇ ಬಹುಮಟ್ಟಿಗೆ ತಡೆಯುತ್ತವೆ. ಕೆಲವು ಒಳಗೆ ಬಂದ ಉಪ್ಪನ್ನು ಎಲೆಯ ಮೂಲಕ ಹೊರಕ್ಕೆ ಹಾಕುತ್ತವೆ. ಅಂಥ ಒಂದು ಎಲೆಯ ಮೇಲೆ ಬೆರಳಾಡಿಸಿ ನಾಲಗೆಗೆ ಮುಟ್ಟಿಸಿಕೊಳ್ಳಿ ಎಂದರು ದೋಣಿಯವರು. ಉಪ್ಪೇ ಉಪ್ಪು. ಇನ್ನು ಇವು ಮಕ್ಕಳನ್ನು ಸಾಕುವ ಬಗೆ ಕೇಳಿ. ಕಾಂಡ್ಲಾದ ಬೀಜ ಮರದ ಮೇಲೆ ಇರುವಾಗಲೇ ಮೊಳೆಯುತ್ತದೆ. ನುಗ್ಗೆಕಾಯಿಯ ಹಾಗೆ ಉದ್ದಕ್ಕೆ ಬೆಳೆದು ನೇತಾಡುತ್ತದೆ. ಕಾಲ ಬಂದಾಗ ಕಳಚಿ ಬಿದ್ದು, ಇಳಿತವಿದ್ದರೆ ಕೆಸರಿಗೆ ನಾಟಿಕೊಳ್ಳುತ್ತದೆ. ಉಬ್ಬರವಿದ್ದರೆ ತೇಲುತ್ತ ಹೋಗಿ ಬೇರೊಂದು ದಡದಲ್ಲಿ ಬೇರು ಬಿಡುತ್ತದೆ. ಮಗಳನ್ನು ಚೆನ್ನಾಗಿ ಬೆಳೆಸಿ ಗಂಡನ ಮನೆಗೆ ಕಳಿಸುವ ತಾಯಿಯ ಹಾಗೆ ಎಂದರು ನಮ್ಮ ಮನೆಯವರು.

ಈ ಕಾಡಿನ ಎಲೆ ಕೆಸರಿಗೆ ಬಿದ್ದು ಕೊಳೆಯುತ್ತದೆ. ಕೊಳೆತ ಎಲೆಯನ್ನು ಸೂಕ್ಷ್ಮಜೀವಿಗಳು ತಿನ್ನುತ್ತವೆ, ಅವನ್ನು ಸಿಗಡಿ ಏಡಿಗಳು, ಅವನ್ನು ಮೀನು, ಮೀನನ್ನು ಕೊಕ್ಕರೆ, ಮಿಂಚುಳ್ಳಿ, ಗರುಡ ಮತ್ತು ಮನುಷ್ಯ. ಸಮುದ್ರದ ಎಷ್ಟೋ ಮೀನುಗಳ ಮರಿಗಳು ಬೇರಿನ ಜಾಲದ ನಡುವೆ ಅಡಗಿ ಬೆಳೆದು ಆಮೇಲೆ ಕಡಲಿಗೆ ಹೋಗುತ್ತವೆ. ನೀರು ರಭಸವಾಗಿ ಬಂದರೆ ಅದೇ ಬೇರುಗಳು ರಭಸ ತಡೆದು ದಡದ ಮಣ್ಣನ್ನು ಹಿಡಿದಿಡುತ್ತವೆ. ನಮ್ಮ ಶಿವಾಜಿನಗರದ ರಸೆಲ್ ಮಾರುಕಟ್ಟೆಯಲ್ಲಿ ಮಂಜುಗಡ್ಡೆಯ ಮೇಲೆ ಮಲಗಿರುವ ಸಿಗಡಿಯನ್ನು ನೋಡುವಾಗ, ಇಂಥ ಯಾವುದೋ ಅಳಿವೆಯ ಕೆಸರು ಅದರ ತೊಟ್ಟಿಲಾಗಿದ್ದಿರಬಹುದು ಎಂದು ಯಾರೂ ಯೋಚಿಸುವುದಿಲ್ಲ. ನಾನೂ ಯೋಚಿಸಿರಲಿಲ್ಲ.

ಇಳಿತದ ಹೊತ್ತಿಗೆ ಅಳಿವೆಯ ನಡುವೆ ಮರಳ ದಿಬ್ಬಗಳು ತಲೆಯೆತ್ತಿದವು. ಎಲ್ಲಿಂದಲೋ ಹೆಂಗಸರು ಗಂಡಸರು ಬುಟ್ಟಿ ಹಿಡಿದು ಇಳಿದರು. ಸೊಂಟದ ನೀರಿನಲ್ಲಿ ನಿಂತು, ಕಾಲಿನಿಂದ ತಡಕಿ, ಕೈಯಿಂದ ಎತ್ತಿ ಬುಟ್ಟಿಗೆ ಹಾಕುತ್ತಾರೆ. ಬಳಚು, ಚಿಪ್ಪಿಕಲ್ಲು. ನಮ್ಮ ಹುಡುಗಿ ಒಬ್ಬ ಹೆಂಗಸನ್ನು, "ಅಕ್ಕಾ, ಈ ಕೆಸರಿನಲ್ಲಿ ದಿನವೂ ಹೀಗೆ ನಿಲ್ಲುವುದು ಕಷ್ಟವಲ್ಲವೆ?" ಎಂದು ಕೇಳಿದಳು. ಆಕೆ ತಲೆ ಎತ್ತದೆ, "ಕೆಸರು ಹೌದು ತಂಗಿ. ನಮಗೆ ಗದ್ದೆಯೂ ಇದೇ" ಎಂದಳು. ಬಿತ್ತದ, ಉಳದ, ಕಂದಾಯವಿಲ್ಲದ ಗದ್ದೆ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಈ ಅಳಿವೆಯಲ್ಲಿ ಕುಳಿತು ಲೆಕ್ಕ ಹಾಕಿದ್ದಾರೆ. ಚಿಪ್ಪಿನ ಜೀವಿಗಳನ್ನು ಹೆಕ್ಕುವ ಕೆಲಸವೊಂದನ್ನೇ ನಂಬಿ ಎರಡು ಸಾವಿರಕ್ಕೂ ಮಿಕ್ಕ ಜನ ಇಲ್ಲಿ ಬದುಕುತ್ತಿದ್ದರೆಂದು ಅವರ ಲೆಕ್ಕ. ಹೆಕ್ಕಿದ್ದು ಕುಮಟೆಯ ಸಂತೆಗೂ ಹೋಗುತ್ತದೆ, ಗೋವೆಗೂ ಹೋಗುತ್ತದೆ.

ಬಳಚಿನ ಚಿಪ್ಪನ್ನು ಕೈಯಲ್ಲಿ ಹಿಡಿದಾಗ ನನಗೆ ಯಾಣ ನೆನಪಾಯಿತು. ಚಿಪ್ಪೂ ಸುಣ್ಣವೇ. ಯಾಣದಂಥ ಬಂಡೆಗಳನ್ನು ಕರಗಿಸಿ ಹೊಳೆಗಳು ಯುಗಯುಗಗಳಿಂದ ಕಡಲಿಗೆ ಒಯ್ದ ಸುಣ್ಣವನ್ನೇ ಈ ಸಣ್ಣ ಜೀವಿ ನೀರಿನಿಂದ ಹೆಕ್ಕಿ ತನ್ನ ಮನೆ ಕಟ್ಟಿಕೊಳ್ಳುತ್ತದೆ. ಸತ್ತ ಚಿಪ್ಪುಗಳ ರಾಶಿಯನ್ನು ತೆಗೆದು ಸುಟ್ಟು ಸುಣ್ಣ ಮಾಡುವುದು ಈ ತೀರದಲ್ಲಿ ಹಳೆಯ ಕಸುಬು. ಊಟವಾದ ಮೇಲೆ ವೀಳ್ಯದೆಲೆಗೆ ತಾವು ಸವರುವ ಸುಣ್ಣದ ವಂಶಾವಳಿ ಇಷ್ಟು ಉದ್ದ!

ಅಳಿವೆಯ ದಡದಲ್ಲಿ ಗಜನಿ ಎಂಬ ಗದ್ದೆಗಳಿವೆ. ಮಳೆಗಾಲದಲ್ಲಿ ಸಿಹಿನೀರು ಉಪ್ಪನ್ನು ತೊಳೆದಾಗ ಅಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ. ಉಪ್ಪನ್ನೂ ನೆರೆಯನ್ನೂ ತಡೆದುಕೊಳ್ಳುವ ತಳಿ ಅದು. ಕೊಯ್ಯುವಾಗ ತೆನೆಯನ್ನಷ್ಟೇ ಕೊಯ್ದು ದಂಟನ್ನು ನೀರಿನಲ್ಲಿಯೇ ಬಿಡುತ್ತಾರೆ. ಬೇಸಗೆಯಲ್ಲಿ ಉಪ್ಪುನೀರು ಒಳಗೆ ಬಂದಾಗ ಆ ದಂಟು ಕೊಳೆತು ಮೀನು ಸಿಗಡಿಗೆ ಮೇವಾಗುತ್ತದೆ. ಒಂದೇ ನೆಲದಲ್ಲಿ ಅರ್ಧ ವರ್ಷ ಅನ್ನ, ಅರ್ಧ ವರ್ಷ ಮೀನು. ಇನ್ನೊಂದು ಕಡೆ, ಗೋಕರ್ಣದ ಹತ್ತಿರದ ಸಾಣಿಕಟ್ಟೆಯಲ್ಲಿ, ಇದೇ ನೀರನ್ನು ಬಿಸಿಲಿಗೆ ಕಟ್ಟಿ ನಿಲ್ಲಿಸಿ ಉಪ್ಪು ತೆಗೆಯುತ್ತಾರೆ. ಅಳಿವೆಯನ್ನು ನಂಬಿದ ಕುಟುಂಬಗಳು ಆರು ಸಾವಿರದಿಂದ ಏಳೂವರೆ ಸಾವಿರ ಎಂದು ಸರಕಾರದ ಲೆಕ್ಕ.

೧೯೭೧ರಲ್ಲಿ ಇರಾನ್ ದೇಶದ ರಾಮ್ಸಾರ್ ಪಟ್ಟಣದಲ್ಲಿ ಅನೇಕ ದೇಶಗಳು ಸೇರಿ ಜೌಗು ನೆಲಗಳನ್ನು ಕಾಪಾಡುವ ಒಪ್ಪಂದ ಮಾಡಿಕೊಂಡವು. ಆ ಒಪ್ಪಂದದ ಪಟ್ಟಿಗೆ ಅಘನಾಶಿನಿ ಅಳಿವೆಯ ೪,೮೦೧ ಹೆಕ್ಟೇರು ಸೇರಿದ ಸುದ್ದಿ ೨೦೨೪ರ ಜನವರಿ ಕೊನೆಯಲ್ಲಿ ಪ್ರಕಟವಾಯಿತು. ಕರ್ನಾಟಕಕ್ಕೆ ದೊಡ್ಡ ಗೌರವ. ಆದರೆ ಗೌರವ ಸುಮ್ಮನೆ ಬಂದದ್ದಲ್ಲ. ಕಳೆದ ಶತಮಾನದ ಕೊನೆಯಲ್ಲಿ ಸಿಗಡಿ ಸಾಕಣೆಯ ಲಾಭದಾಸೆಗೆ ಗಜನಿಯೂ ಕಾಂಡ್ಲಾವೂ ಬಹಳ ಪೆಟ್ಟು ತಿಂದವು. ರೋಗ ಬಂದು ಸಿಗಡಿಯೂ ಹೋಯಿತು. ಈ ಶತಮಾನದ ಮೊದಲ ದಶಕದಲ್ಲಿ ತದಡಿಯಲ್ಲಿ ಕಲ್ಲಿದ್ದಲು ಸುಡುವ ೪,೦೦೦ ಮೆಗಾವಾಟಿನ ವಿದ್ಯುತ್ ಸ್ಥಾವರವೊಂದರ ಯೋಜನೆ ಬಂದಿತ್ತು. ಮೀನುಗಾರರೂ ರೈತರೂ ಬೇಡವೆಂದರು. ವಿಜ್ಞಾನಿಗಳು ಅಳಿವೆಯ ಬೆಲೆಯನ್ನು ಲೆಕ್ಕ ಬರೆದು ತೋರಿಸಿದರು. ಯೋಜನೆ ನಿಂತಿತು.

ಇಲ್ಲಿಗೆ ಕಥೆ ಮುಗಿಸಿದ್ದರೆ ತಾವು ಸಂತೋಷವಾಗಿ ಊಟಕ್ಕೆ ಏಳಬಹುದಾಗಿತ್ತು. ಆದರೆ ಮೊದಲೇ ಹೇಳಿದೆನಲ್ಲ, ನಮ್ಮ ಊರಿಗೆ ಸಂಬಂಧಪಟ್ಟ ಮಾತೊಂದಿದೆ ಎಂದು.

ಹಿಂದಿರುಗುವ ದಿನ ಹೊನ್ನಾವರದಲ್ಲಿ ಇಳಿದೆವು. ಅಲ್ಲಿ ಶರಾವತಿಯ ಅಳಿವೆಯ ಕಾಂಡ್ಲಾ ಕಾಡಿನೊಳಗೆ ಅರಣ್ಯ ಇಲಾಖೆಯವರು ಹಲಗೆಯ ಕಾಲುಹಾದಿ ಕಟ್ಟಿದ್ದಾರೆ. ಮುದುಕರು ಮಕ್ಕಳು ಕೆಸರು ಸೋಕದೆ ಕಾಡಿನ ನಡುವೆ ನಡೆಯಬಹುದು. ನೆರಳು, ನೀರು, ಹಕ್ಕಿಯ ದನಿ, ಎಲ್ಲವೂ ಸೊಗಸು. ನೋಡುವುದಕ್ಕೆ ಎರಡು ಅಳಿವೆಗಳೂ ಅಕ್ಕತಂಗಿಯರಂತಿವೆ. ಒಂದಕ್ಕೊಂದು ಇಪ್ಪತ್ತು ಮೂವತ್ತು ಕಿಲೋಮೀಟರಿನ ಅಂತರ. ಆದರೆ ಇಲ್ಲಿ ಬುಟ್ಟಿ ಹಿಡಿದು ಬಳಚು ಹೆಕ್ಕುವವರ ಆ ಸಾಲು ನಮಗೆ ಕಾಣಿಸಲಿಲ್ಲ. ಏಕೆಂದು ನಮ್ಮ ಹುಡುಗಿ ಕೇಳಿದಳು.

ಕಾರಣ ಹೀಗೆ. ಶರಾವತಿಗೆ ಲಿಂಗನಮಕ್ಕಿಯಲ್ಲಿ ೧೯೬೪ರಲ್ಲಿ ಅಣೆಕಟ್ಟು ಆಯಿತು. ಈ ಶತಮಾನದ ಆರಂಭದಲ್ಲಿ ಕೆಳಗೆ ಗೇರುಸೊಪ್ಪೆಯಲ್ಲಿ ಇನ್ನೊಂದು. ವಿದ್ಯುತ್ತು ಬೇಕಾದಾಗಲೆಲ್ಲ ನೀರು ಬಿಡಬೇಕು. ಬಿಟ್ಟ ನೀರು ವರ್ಷವಿಡೀ ಅಳಿವೆಗೆ ಇಳಿಯುತ್ತದೆ. ಮಳೆಗಾಲದಲ್ಲಿ ಸಿಹಿ, ಬೇಸಗೆಯಲ್ಲಿ ಉಪ್ಪು ಎಂಬ ಹಳೆಯ ಕ್ರಮ ತಪ್ಪಿತು. ಬೇಸಗೆಯಲ್ಲಿಯೂ ನೀರು ಸಪ್ಪೆ. ಉಪ್ಪನ್ನು ನಂಬಿದ ಚಿಪ್ಪಿನ ಜೀವಿಗಳು ಹಿಂದೆಗೆದವು. ಎರಡು ಅಳಿವೆಗಳನ್ನು ಹೋಲಿಸಿ ನೋಡಿದ ವಿಜ್ಞಾನಿಗಳು ಇದನ್ನೇ ಬರೆದಿದ್ದಾರೆ. ನದಿ ಬತ್ತಲಿಲ್ಲ, ವಿಷವಾಗಲಿಲ್ಲ. ನೀರು ಬರುವ ಹೊತ್ತು ಬದಲಾಯಿತು, ಅಷ್ಟೆ. ಅಷ್ಟಕ್ಕೇ ಒಂದು ಗದ್ದೆ ಹೋಯಿತು.

ಆ ವಿದ್ಯುತ್ತು ಯಾರಿಗೆ ಬಂತು? ನಮಗೂ ಬಂತು. ಬೆಂಗಳೂರಿಗೆ ೧೯೦೫ರಲ್ಲಿ ಮೊದಲು ಬೆಳಕು ಕೊಟ್ಟವಳು ಕಾವೇರಿ, ಶಿವನಸಮುದ್ರದಿಂದ. ಊರು ಬೆಳೆದ ಮೇಲೆ ದೊಡ್ಡ ಪಾಲು ಹೊತ್ತವಳು ಶರಾವತಿ. ಕಾರ್ಖಾನೆಗಳು ನಡೆದವು, ಮಕ್ಕಳು ದೀಪದ ಕೆಳಗೆ ಓದಿದರು, ಮನೆಮನೆಯ ರೇಡಿಯೋ ಹಾಡಿತು. ಅದು ತಪ್ಪೆಂದು ನಾನು ಹೇಳಲಾರೆ. ಆ ಬೆಳಕಿನಲ್ಲಿ ಓದಿದವರಲ್ಲಿ ನಾನೂ ಒಬ್ಬ. ಆದರೆ ಬೆಲೆ ಕೊಟ್ಟವರು ಯಾರೆಂಬುದು ನಮಗೆ ತಿಳಿದಿರಲಿಲ್ಲ. ಮುಳುಗಿದ ಊರುಗಳವರ ವಿಷಯ ಅಷ್ಟಿಷ್ಟು ಕೇಳಿದ್ದೆವು. ಅಳಿವೆಯ ಬುಟ್ಟಿಯವರನ್ನು ಯಾರೂ ಹೇಳಿರಲಿಲ್ಲ.

೨೦೧೯ರಲ್ಲಿ ಶರಾವತಿಯ ನೀರನ್ನೇ ಬೆಂಗಳೂರಿಗೆ ತರುವ ಮಾತು ಎದ್ದಿತು. ಮಲೆನಾಡಿನವರು ಬೀದಿಗಿಳಿದು ವಿರೋಧಿಸಿದರು. ಅಘನಾಶಿನಿಯನ್ನು ಪೂರ್ವದ ಬಯಲಿಗೆ ತಿರುಗಿಸುವ ಮಾತೂ ಆಗಾಗ ಕೇಳಿಬರುತ್ತದೆ. "ಸುಮ್ಮನೆ ಕಡಲಿಗೆ ಹೋಗುವ ನೀರು" ಎಂದು ನಾವು ಲಘುವಾಗಿ ಹೇಳಿಬಿಡುತ್ತೇವೆ. ಈ ಪ್ರವಾಸ ಮಾಡಿ ಬಂದ ಮೇಲೆ ನನ್ನ ಬಾಯಲ್ಲಿ ಆ ಮಾತು ಬರುವುದಿಲ್ಲ. ಯಾಣದಲ್ಲಿ ತೊಟ್ಟಿಕ್ಕಿದ ಹನಿ ಸುಮ್ಮನೆ ಹೋಗಲಿಲ್ಲ. ಬಂಡೆಯನ್ನು ಕೆತ್ತಿತು, ಕಗ್ಗವನ್ನು ಬೆಳೆಸಿತು, ಕಾಂಡ್ಲಾಕ್ಕೆ ಉಪ್ಪಿನ ಹದ ಮಾಡಿಕೊಟ್ಟಿತು, ಬುಟ್ಟಿ ತುಂಬಿಸಿತು. ಇಷ್ಟೆಲ್ಲ ಕೆಲಸ ಮುಗಿಸಿ ಕಡಲಿಗೆ ಹೋಯಿತು.

ಬೆಂಗಳೂರಿಗೆ ನೀರು ಬೇಡವೆ ಎಂದು ತಾವು ಕೇಳಬಹುದು. ಬೇಕು. ನಮ್ಮ ಬೀದಿಯಲ್ಲಿಯೂ ನಲ್ಲಿಯ ಮುಂದೆ ಕಾದವರಿದ್ದಾರೆ. ಆದರೆ ಇದೇ ಪೂರ್ವ ಬೆಂಗಳೂರಿನಲ್ಲಿ ಬೆಳ್ಳಂದೂರು ಕೆರೆಯ ನೊರೆಗೆ ೨೦೧೫ರಲ್ಲಿ ಬೆಂಕಿ ಹತ್ತಿದ್ದನ್ನು ನೋಡಿದವರು ನಾವು. ೨೦೨೨ರ ಸೆಪ್ಟೆಂಬರಿನ ಮಳೆಯಲ್ಲಿ ದೊಡ್ಡ ದೊಡ್ಡ ಮನೆಗಳವರನ್ನು ಟ್ರ್ಯಾಕ್ಟರಿನ ಮೇಲೆ ಸಾಗಿಸಿದ್ದನ್ನೂ ನೋಡಿದವರು. ಮನೆಯ ಮುಂದೆ ಬಂದ ನೀರನ್ನು ಹಿಡಿದಿಡಲಾರದವರು ೪೦೦ ಕಿಲೋಮೀಟರು ಆಚೆಯ ಹೊಳೆಗೆ ಕೈಚಾಚುವ ಮೊದಲು ಒಂದು ಸಲ ಅಲ್ಲಿಗೆ ಹೋಗಿ ನೋಡಿಬರುವುದು ನ್ಯಾ‌ಯ. ಇದಿಷ್ಟೇ ನನ್ನ ಬಿನ್ನಹ.

ಹೋಗುವವರಿಗೆ ಕೆಲವು ಸೂಚನೆ. ಮಳೆ ನಿಂತ ಮೇಲೆ, ಅಕ್ಟೋಬರ ಕೊನೆಯಿಂದ ಫೆಬ್ರವರಿಯೊಳಗೆ ಹೋಗಿ. ಮಳೆಗಾಲದಲ್ಲಿ ಯಾಣದ ದಾರಿ ಜಾರುತ್ತದೆ, ಜಿಗಣೆಯೂ ಬಹಳ. ಗವಿಯೊಳಗೆ ಗಟ್ಟಿಯಾಗಿ ಕೂಗಬೇಡಿ; ಜೇನು ಮತ್ತು ಬಾವಲಿ ಅಲ್ಲಿಯ ಹಳೆಯ ಒಕ್ಕಲು. ಬಂಡೆಯ ಮೇಲೆ ಹೆಸರು ಕೆತ್ತಬೇಡಿ. ಮಳೆಗೆ ಸಾವಿರಾರು ವರ್ಷ ಹಿಡಿದ ಕೆಲಸವನ್ನು ಚಾಕು ನಿಮಿಷದಲ್ಲಿ ಕೆಡಿಸುತ್ತದೆ. ಅಳಿವೆಗೆ ಹೋಗುವ ಮುನ್ನ ಉಬ್ಬರ ಇಳಿತದ ಹೊತ್ತನ್ನು ಊರಿನವರಲ್ಲಿ ಕೇಳಿಕೊಳ್ಳಿ. ಕಾಂಡ್ಲಾದ ಸನಿಹದಲ್ಲಿ ದೋಣಿಯನ್ನು ಮೆಲ್ಲಗೆ ನಡೆಸುವಂತೆ ಹೇಳಿ. ಲಂಕಾವಿಯಲ್ಲಿ ಪ್ರವಾಸಿಗರ ದೋಣಿಗಳ ಅಲೆಗೆ ದಡ ಕುಸಿಯುತ್ತದೆ; ಗರುಡನಿಗೆ ಮಾಂಸದ ಚೂರು ಎಸೆದು ಎಸೆದು ಅದು ಬೇಟೆಯಾಡುವ ರೂಢಿಯನ್ನೇ ಕೆಡಿಸಿದ್ದಾರೆಂಬ ದೂರೂ ಉಂಟು. ಆ ತಪ್ಪು ನಮ್ಮಲ್ಲಿ ಆಗದಿರಲಿ.

ರೈಲಿನಲ್ಲಿ ಹಿಂದಿರುಗುವಾಗ ನಮ್ಮ ಹುಡುಗಿ ಕರವಸ್ತ್ರದ ಗಂಟು ಬಿಚ್ಚಿ ಒಂದು ಖಾಲಿ ಬಳಚಿನ ಚಿಪ್ಪು ತೋರಿಸಿದಳು. ದಡದಲ್ಲಿ ಸಿಕ್ಕಿತಂತೆ. ಈಗ ಅದು ಇಂದಿರಾನಗರದ ಅವಳ ಮನೆಯಲ್ಲಿ, ದೀಪದ ಸ್ವಿಚ್ಚಿನ ಪಕ್ಕದ ಗೂಡಿನಲ್ಲಿ ಇದೆ. "ಅಲ್ಲೇಕೆ ಇಟ್ಟೆ?" ಎಂದು ಕೇಳಿದೆ. "ದೀಪ ಹಾಕುವಾಗೆಲ್ಲ ಕಣ್ಣಿಗೆ ಬೀಳಲಿ ಮಾಮ" ಎಂದಳು.